ಎಕ್ಸ್‌ಪಾತ್ ಬರೆಯೋ ಮುಂಚೆ ಫೈಲ್ ಓದು

ಚಿ. ಸಿಂಚನಾಗೆ ಅತ್ತೆಯ ಆಶೀರ್ವಾದಗಳು.

ಕನ್ನಡ ವಿಕಿಪೀಡಿಯದ ಎಕ್ಸ್‌ಎಂಎಲ್ ಡಂಪ್, ಅಂದರೆ ಪುಟಗಳನ್ನೆಲ್ಲ ಟ್ಯಾಗ್‌ಗಳಲ್ಲಿ ಜೋಡಿಸಿಟ್ಟ ದೊಡ್ಡ ಫೈಲ್, ಇಳಿಸಿಕೊಂಡಿದ್ದೀಯ. ಆದರೆ ಅಂಥ ಫೈಲಿನಲ್ಲಿ ಬೇಕಾದ್ದನ್ನು ಹುಡುಕುವ ಭಾಷೆಯಾದ ಎಕ್ಸ್‌ಪಾತ್‌ನಲ್ಲಿ //ಪೇಜ್ ಅಂತ ಕೊಟ್ಟರೆ ಒಂದೂ ಸಿಗುತ್ತಿಲ್ಲ ಅಂತ ನೀನು ಬರೆದಿದ್ದೆ. ಫೈಲ್ ಕೆಟ್ಟಿಲ್ಲ ಕಣೇ. ಶುರುವಿನಲ್ಲೇ ಇರುವ ಮೀಡಿಯವಿಕಿ ಟ್ಯಾಗ್ ನೋಡು. ಅದರಲ್ಲಿ ಎಕ್ಸ್‌ಎಂಎಲ್‌ಎನ್‌ಎಸ್ ಅಂತ ಒಂದು ನೇಮ್‌ಸ್ಪೇಸ್ (ಟ್ಯಾಗ್‌ಗಳು ಯಾವ ಗುಂಪಿನವು ಅಂತ ಹೇಳುವ ಹೆಸರು) ಕೊಟ್ಟಿದ್ದಾರೆ, ಒಳಗಿರುವ ಪೇಜ್, ಟೈಟಲ್ ಎಲ್ಲ ಅದಕ್ಕೇ ಸೇರಿದವು. ಎಕ್ಸ್‌ಪಾತ್ 1.0ರಲ್ಲಿ ಪ್ರಿಫಿಕ್ಸ್, ಅಂದರೆ ನೇಮ್‌ಸ್ಪೇಸನ್ನು ಸೂಚಿಸೋಕೆ ಮುಂದೆ ಹಾಕುವ ಚಿಕ್ಕ ಹೆಸರು, ಇಲ್ಲದೆ ಪೇಜ್ ಅಂದರೆ ಯಾವ ನೇಮ್‌ಸ್ಪೇಸಿಗೂ ಸೇರದ ಪೇಜ್ ಅಂತ ಲೆಕ್ಕ. ಅಂಥದ್ದು ಆ ಫೈಲಿನಲ್ಲಿ ಇಲ್ಲವೇ ಇಲ್ಲ. 1.0 ಬಂದದ್ದು 1999ರಲ್ಲಿ, 2017ರಲ್ಲಿ 3.1 ಕೂಡ ಬಂತು, ಆದರೂ ಬ್ರೌಸರ್‌ಗಳಲ್ಲಿ, ನೀನು ಬಳಸುವ ಪೈಥಾನ್‌ನ ಎಲ್‌ಎಕ್ಸ್‌ಎಂಎಲ್ ಲೈಬ್ರರಿಯಲ್ಲಿ ಓಡುತ್ತಿರುವುದು ಇವತ್ತಿಗೂ ಹಳೆಯ 1.0ನೇ. ಅದಕ್ಕೇ ಆ ನೇಮ್‌ಸ್ಪೇಸಿಗೆ ಎಂ ಅಂತ ಒಂದು ಪ್ರಿಫಿಕ್ಸ್ ಇಟ್ಟುಕೊಂಡು //ಎಂ:ಪೇಜ್ ಅಂತ ಬರೆ. ನೇಮ್‌ಸ್ಪೇಸನ್ನು ಫೈಲಿನಿಂದಲೇ ಕಾಪಿ ಮಾಡು, ಯಾಕಂದ್ರೆ ಅದರ ಕೊನೆಯಲ್ಲಿ ಆವೃತ್ತಿಯ ಅಂಕಿ ಇರುತ್ತೆ, ಅದು ಡಂಪ್‌ನಿಂದ ಡಂಪ್‌ಗೆ ಬದಲಾಗಿರಬಹುದು.

ಮುಂದಿನ ಸಾಲುಗಳಲ್ಲಿ ಓದೋಕೆ ಸುಲಭ ಆಗಲಿ ಅಂತ ಪ್ರಿಫಿಕ್ಸ್ ಬಿಟ್ಟಿದ್ದೇನೆ, ನೀನು ಬಿಡಬೇಡ.

ಎರಡು ಸ್ಲ್ಯಾಶ್ ಹಾಕಿದರೆ ಎಲ್ಲಿದ್ದರೂ ಸಿಗುತ್ತೆ ಅಂತ ಎಲ್ಲ ಕಡೆ ಹಾಕಬೇಡ. //ಐಡಿ ಅಂದರೆ ಪುಟದ ಐಡಿ ಬರುತ್ತೆ, ಅದರ ರಿವಿಷನ್ನಿನದೂ (ಪ್ರತಿ ಸಲ ತಿದ್ದಿದಾಗ ಉಳಿಯುವ ಪ್ರತಿ) ಬರುತ್ತೆ, ತಿದ್ದಿದವರದೂ ಬರುತ್ತೆ. ಎರರ್ ಮಾತ್ರ ಬರಲ್ಲ! ಸುಮ್ನೆ ತಪ್ಪು ಪಟ್ಟಿ ಕೈಗೆ ಬರುತ್ತೆ, ನನಗೆ ಭಯ ಇರೋದೇ ಅಲ್ಲಿ. ನಿನಗೆ ಬೇಕಾದದ್ದು //ಪೇಜ್/ಐಡಿ, ಅಷ್ಟೇ. ಹಾಗೇ, ಪೂರ್ತಿ ಇತಿಹಾಸ ಇರುವ ಡಂಪ್‌ನಲ್ಲಿ //ರಿವಿಷನ್[1] ಅಂದರೆ ಪ್ರತಿ ಪುಟದ ಮೊದಲ ರಿವಿಷನ್. ಇಡೀ ಫೈಲಿಗೆ ಒಂದೇ ಬೇಕಿದ್ದರೆ (//ರಿವಿಷನ್)[1] ಅಂತ ಬ್ರಾಕೆಟ್ ಹಾಕಬೇಕು. ಎಣಿಕೆ ಒಂದರಿಂದ ಶುರು, ಪೈಥಾನ್ ಹಾಗೆ ಸೊನ್ನೆಯಿಂದ ಅಲ್ಲ.

ಆದರೆ ಎಣಿಸೋ ಅಭ್ಯಾಸವೇ ಜಾಸ್ತಿ ಬೇಡಮ್ಮ. ಊರಲ್ಲಿ ಯಾರಾದರೂ ದಾರಿ ಕೇಳಿದರೆ "ಏಳನೇ ಮನೆ" ಅನ್ನಲ್ಲ, "ಬಾವಿ ಇರೋ ಮನೆ" ಅಂತೀವಿ, ಅಲ್ವಾ? ನೀನೂ ಗುರುತು ಹಿಡಿದೇ ಕೇಳು. ಬರೀ ಲೇಖನಗಳ ಹೆಸರು ಬೇಕು ತಾನೇ, ಹಾಗಾದರೆ //ಪೇಜ್[ಎನ್‌ಎಸ್=0 ಆಂಡ್ ನಾಟ್(ರಿಡೈರೆಕ್ಟ್)]/ಟೈಟಲ್. ಎನ್‌ಎಸ್ ಅಂದರೆ ಪುಟದ ಬಗೆ ಹೇಳುವ ಅಂಕಿ, ಮೇಲಿನ ನೇಮ್‌ಸ್ಪೇಸ್ ಅಲ್ಲ. ಅದು ಸೊನ್ನೆ ಇದ್ದರೆ ಲೇಖನದ ಪುಟ, ಚರ್ಚೆ ಪುಟವೋ ಸದಸ್ಯರ ಪುಟವೋ ಅಲ್ಲ. ಒಳಗೆ ರಿಡೈರೆಕ್ಟ್ ಟ್ಯಾಗ್ ಇದ್ದರೆ ಅದು ಬೇರೆ ಪುಟಕ್ಕೆ ಕಳಿಸುವ ಹೆಸರು ಮಾತ್ರ. ಆರು ತಿಂಗಳಾದ ಮೇಲೆ ಓದಿದರೂ ಈ ಸಾಲು ಏನು ಕೇಳುತ್ತಿದೆ ಅಂತ ತಿಳಿಯುತ್ತೆ.

ಮತ್ತೆ, ಇಡೀ ಡಂಪನ್ನು ಒಂದೇ ಸಲ ತೆರೆಯಬೇಡ, ನಿನ್ನ ಲ್ಯಾಪ್‌ಟಾಪ್ ಮೆಮೊರಿ ಸಾಲದೆ ನಿಂತುಬಿಡುತ್ತೆ. ನಾಲ್ಕೈದು ಪುಟ ಕತ್ತರಿಸಿ ಚಿಕ್ಕ ಫೈಲ್ ಮಾಡಿಕೊ. ಅದರಲ್ಲಿ ಒಂದು ರಿಡೈರೆಕ್ಟ್, ಒಂದು ಚರ್ಚೆ ಪುಟ ಇರಲೇಬೇಕು. ಎಷ್ಟು ಹೆಸರು ಬರಬೇಕು ಅಂತ ಮೊದಲು ಕಣ್ಣಲ್ಲೇ ನೋಡಿ ಬರೆದಿಟ್ಟುಕೊ, ಆಮೇಲೆ ಓಡಿಸು. ಲೆಕ್ಕ ಹೊಂದದಿದ್ದರೆ ಆ ಚಿಕ್ಕ ಫೈಲನ್ನೂ ನೀನು ಬರೆದ ಸಾಲನ್ನೂ ಒಟ್ಟಿಗೆ ನನಗೆ ಕಳಿಸು.

ಇಂತಿ,
ನಿನ್ನ ಅತ್ತೆ