ಹೊಸ ಪುಸ್ತಕಗಳ ನಡುವೆ ಒಂದು ಹಳೆಯದಕ್ಕೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಪುಸ್ತಕದ ಪುಟವನ್ನು ತಪ್ಪದೆ ಓದುತ್ತೇನೆ. ಅಲ್ಲಿ ಬರುವುದೆಲ್ಲ ಹೊಸ ಪುಸ್ತಕಗಳೇ. ಬಿಡುಗಡೆಯ ಗದ್ದಲ ಮುಗಿದ ಮೇಲೆ ಅವುಗಳ ಗತಿ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಹತ್ತು ವರ್ಷ ಹಳೆಯದಾದರಂತೂ ಮುಗಿದೇ ಹೋಯಿತು.

ಮುಂಬಯಿ ಕನ್ನಡಿಗರಿಗೆ ಇದರ ಬಿಸಿ ಸ್ವಲ್ಪ ಜಾಸ್ತಿ. ಈ ಊರಿನ ಕನ್ನಡ ಕಾದಂಬರಿ ಅಂದ ಕೂಡಲೇ ಎಲ್ಲರೂ ಯಶವಂತ ಚಿತ್ತಾಲರ ‘ಶಿಕಾರಿ’ ಅನ್ನುತ್ತಾರೆ. ಅನ್ನಲಿ, ಅದು ಅಂಥ ಪುಸ್ತಕವೇ. ಆದರೆ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಓದಿದ್ದೀರಾ ಅಂತ ಕೇಳಿ ನೋಡಿ. 1983ರಲ್ಲಿ ಚಿತ್ತಾಲರ ‘ಕಥೆಯಾದಳು ಹುಡುಗಿ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1986ರಲ್ಲಿ ಅದೇ ಪ್ರಶಸ್ತಿ ‘ಬಂಡಾಯ’ಕ್ಕೆ. ಇಬ್ಬರೂ ಮುಂಬಯಿಯಲ್ಲಿ ಬಾಳಿದವರು. ಬಲ್ಲಾಳರ ಹೆಸರು ಈಗ ಭಾಷಣಗಳಲ್ಲಿ ಬರುತ್ತದೆ, ಓದುವವರ ಕೈಯಲ್ಲಿ ಪುಸ್ತಕ ಕಾಣುವುದಿಲ್ಲ.

ನನಗೆ ಅದು ಸಿಕ್ಕಿದ್ದು ಇಲ್ಲಿನ ಒಂದು ಸಂಘದ ಕಪಾಟಿನಲ್ಲಿ. ಕೀಲಿ ಇಟ್ಟುಕೊಂಡವರು ಊರಿಗೆ ಹೋಗಿದ್ದರು, ಅವರು ಬರುವ ತನಕ ಕಾಯಬೇಕಾಯಿತು. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯ ತುಂಬ ನೇರಳೆ ಶಾಯಿಯ ತಾರೀಖುಗಳು. ಕೊನೆಯದು 1998ರದು. ಅಲ್ಲಿಯವರೆಗೆ ಪುಸ್ತಕ ಮನೆಯಿಂದ ಮನೆಗೆ ಓಡಾಡಿದೆ, ಆಮೇಲೆ ಯಾರೂ ಮುಟ್ಟಿಲ್ಲ.

ಕಾದಂಬರಿಯಲ್ಲಿರುವುದು ಈ ಊರಿನ ಕಾರ್ಮಿಕರ ಹೋರಾಟ. ಲೋವರ್ ಪರೇಲ್‌ನಲ್ಲಿ ಬಟ್ಟೆ ಗಿರಣಿ ಇದ್ದ ಕಡೆ ಈಗ ಮಾಲ್ ಇದೆ. ಅಲ್ಲಿ ಕಾಫಿ ಕುಡಿಯುವ ನಮ್ಮ ಮಕ್ಕಳಿಗೆ 1982ರ ಗಿರಣಿ ಮುಷ್ಕರ ಅಂದರೆ ತಲೆಬುಡ ಗೊತ್ತಿಲ್ಲ. ಅಂಥವರ ಕೈಗೇ ಇದನ್ನು ಕೊಡಬೇಕು, ಅಲ್ವಾ? ಯಶವಂತ ಚಿತ್ತಾಲರ ಅಣ್ಣ, ಕವಿ ಗಂಗಾಧರ ಚಿತ್ತಾಲರ ಪಾಡೂ ಇದೇ. ತಮ್ಮನ ಕಥೆಗಳನ್ನು ಬಾಯಿಪಾಠ ಹೇಳುವವರೂ ಅಣ್ಣನ ಕವಿತೆ ತೆರೆದು ನೋಡಿರುವುದಿಲ್ಲ.

ವಾರಕ್ಕೊಮ್ಮೆ ಅರ್ಧ ಕಾಲಂ ಬಿಟ್ಟುಕೊಡಿ. ಬರೆಯುವವರು ಪ್ರಾಧ್ಯಾಪಕರೇ ಆಗಬೇಕಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತವರು, ಬ್ಯಾಂಕಿನಿಂದ ನಿವೃತ್ತರಾದವರು, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ಬರೆಯಲಿ. ಲೇಖಕರ ನೆಂಟರು, ಪ್ರಕಾಶಕರು ಬರೆಯದ ಹಾಗೆ ಮಾತ್ರ ನೋಡಿಕೊಳ್ಳಿ. ‘ಎಲ್ಲರೂ ಓದಲೇಬೇಕಾದ ಕೃತಿ’ ಅನ್ನುವ ಸಾಲು ಕಂಡರೆ ಸುಮ್ನೆ ಹೊಡೆದುಹಾಕಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾರಿಗೆ ಹಿಡಿಸುತ್ತದೆ, ಯಾರಿಗೆ ಬೇಜಾರು ಬರುತ್ತದೆ, ಎಷ್ಟು ಪುಟ ಅಂತ ಹೇಳಿದರೆ ಸಾಕು. ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತು ಓದುವವರಿಗೆ ಪುಸ್ತಕದ ತೂಕವೂ ಮುಖ್ಯ, ನಗಬೇಡಿ.

ಎಲ್ಲಿ ಸಿಗುತ್ತದೆ ಅನ್ನುವುದಂತೂ ಬೇಕೇ ಬೇಕು. ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲೋ, ಕಲೀನಾದ ವಿಶ್ವವಿದ್ಯಾಲಯದಲ್ಲೋ, ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿಯೋ, ಗೊತ್ತಿದ್ದವರು ತಿಳಿಸಲಿ. ಮೊದಲ ವಾರಕ್ಕೆ ‘ಬಂಡಾಯ’ದ ಬಗ್ಗೆ ಬರೆದುಕೊಡಲು ನಾನು ತಯಾರಿದ್ದೇನೆ.

ಇಂತಿ,
ಒಬ್ಬ ಓದುಗ, ಡೊಂಬಿವಲಿ