ಕಡಲಿನ ಮನೆವಾರ್ತೆಯೂ ಸುದ್ದಿಯಾಗಲಿ

ಮಾನ್ಯ ಸಂಪಾದಕರೇ,

ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ಲೆಫ್ಟಿನೆಂಟ್ ಕಮಾಂಡರ್ ರೂಪಾ ಎ. ಅವರು 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, 56 ಅಡಿ ಉದ್ದದ ‘ತಾರಿಣಿ’ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮುಗಿಸಿ 2025ರ ಮೇ 29ರಂದು ಮರಳಿದ ಸುದ್ದಿಯನ್ನು ಪತ್ರಿಕೆಗಳು ಹೆಮ್ಮೆಯಿಂದ ಪ್ರಕಟಿಸಿದವು. ಹೊರಟ ದಿನದ ಚಿತ್ರ, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿದ ವರದಿ, ಸ್ವಾಗತ ಸಮಾರಂಭ ಎಲ್ಲವೂ ಬಂದವು. ಆದರೆ ಆ ಇಬ್ಬರು ಸುಮಾರು ಎಂಟು ತಿಂಗಳು ಏನು ಉಂಡರು, ಯಾವ ಹೊತ್ತಿಗೆ ಮಲಗಿದರು, ಕುಡಿಯುವ ನೀರನ್ನು ಹೇಗೆ ಕಾದುಕೊಂಡರು ಎಂಬುದನ್ನು ಕನ್ನಡದಲ್ಲಿ ವಿವರವಾಗಿ ಓದಬೇಕೆಂಬ ನನ್ನ ಆಸೆ ಹಾಗೆಯೇ ಉಳಿದಿದೆ. ಕಾರವಾರದಂಥ ಕಡಲೂರಿನ ಓದುಗರಿಗೆ ಬಿರುಗಾಳಿಯ ಕಥೆಗಿಂತ ಇದೇ ಹೆಚ್ಚು ಬೇಕಾದ ವಿಷಯವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ನಿವೃತ್ತ ಶಿಕ್ಷಕ. ಕೆಲವು ವರ್ಷಗಳ ಹಿಂದೆ, ಈಶಾನ್ಯದ ಗಾಳಿ ನೆಲೆನಿಂತ ಜನವರಿ ತಿಂಗಳಲ್ಲಿ, ಗೆಳೆಯರೊಬ್ಬರ 38 ಅಡಿಯ ಹಾಯಿದೋಣಿಯಲ್ಲಿ ಮೂರನೆಯ ಆಳಾಗಿ ಕೊಚ್ಚಿಯಿಂದ ಒಮಾನಿನ ಸಲಾಲಾಕ್ಕೆ ಹೋಗಿದ್ದೆ. ಸುಮಾರು 1,350 ನಾಟಿಕಲ್ ಮೈಲಿಯ ಆ ದಾರಿಗೆ ಹನ್ನೆರಡು ದಿನ ಹಿಡಿಯಿತು. ಗಾಳಿ ಬಲಗಡೆಯಿಂದಲೇ ಬೀಸುತ್ತಿದ್ದುದರಿಂದ ದೋಣಿ ಹನ್ನೆರಡು ದಿನವೂ ಎಡಕ್ಕೆ ವಾಲಿಕೊಂಡೇ ಸಾಗಿತು. ಕೈಬಿಟ್ಟ ಚಮಚ, ಸೀಸೆ, ಈರುಳ್ಳಿ ಎಲ್ಲವೂ ಎಡಮೂಲೆ ಸೇರುತ್ತಿದ್ದವು. ಬಲಗಡೆಯ ಮಂಚದಲ್ಲಿ ಮಲಗಿದವರು ಉರುಳಿ ಬೀಳದಂತೆ ಅದರ ಅಂಚಿಗೆ ಕ್ಯಾನ್ವಾಸಿನ ತಡೆ ಕಟ್ಟಿರುತ್ತದೆ. ಅದಕ್ಕೆ ಒರಗಿಯೇ ನಿದ್ದೆ ಮಾಡಬೇಕು.

ನಿದ್ದೆಯೆಂದರೂ ಅದು ತುಂಡು ತುಂಡಿನದು. ಮೂವರಲ್ಲಿ ಒಬ್ಬರು ಮೂರು ಗಂಟೆ ಕಾವಲು ಕಾಯ್ದರೆ ಉಳಿದಿಬ್ಬರಿಗೆ ಬಿಡುವು. ಗಾಳಿ ಬಲವಾಗಿ ಹಾಯಿ ಕುಗ್ಗಿಸಬೇಕಾದರೆ ಆ ಬಿಡುವೂ ಇಲ್ಲ. ಸಣ್ಣ ದೋಣಿಯಲ್ಲಿ ಕುಳಿತವನ ಕಣ್ಣಿಗೆ ದಿಗಂತ ಸುಮಾರು ಮೂರು ಮೈಲಿಯಷ್ಟೇ ದೂರ. ಅದರಾಚೆ ದೀಪ ಮಾತ್ರ ಕಾಣಿಸಿದ ಸರಕು ಹಡಗು ಕಾಲುಗಂಟೆ ಕಳೆಯುವಷ್ಟರಲ್ಲಿ ಮೈಮೇಲೆ ಬರಬಹುದು. ಹಾಗಾಗಿ ಚುಕ್ಕಾಣಿಯನ್ನು ಯಂತ್ರಕ್ಕೆ ಒಪ್ಪಿಸಿದ್ದರೂ ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ಕಣ್ಣಾಡಿಸಲೇಬೇಕು. ತಾರಿಣಿಯಲ್ಲಿದ್ದವರು ಇಬ್ಬರೇ ಎಂಬುದನ್ನು ನೆನೆದಾಗ ಅವರ ಬಗೆಗಿನ ನನ್ನ ಗೌರವ ಇಮ್ಮಡಿಸುತ್ತದೆ.

ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಐದನೆಯ ದಿನ ಬೆಳಿಗ್ಗೆ ಚಹಾ ಉಪ್ಪಾಗಿತ್ತು. ನೀರಿನ ಎರಡು ಟ್ಯಾಂಕುಗಳಲ್ಲಿ ಒಂದರ ಮುಚ್ಚಳದ ರಬ್ಬರ್ ಬಳೆ ಸವೆದು, ದೋಣಿಯ ಮೇಲಟ್ಟದ (ಡೆಕ್) ಮೇಲೆ ಹಾಯುತ್ತಿದ್ದ ತೆರೆಗಳ ನೀರು ಒಳಗಿಳಿದಿತ್ತು. ಹೊರಡುವ ಮುಂಚೆ ನಾವು ಎಲ್ಲವನ್ನೂ ನೋಡಿದ್ದೆವು, ಅಂಗೈಯಗಲದ ಆ ಮುಚ್ಚಳವೊಂದನ್ನು ಬಿಟ್ಟು. ಅಂದಿನಿಂದ ತಲೆಗೆ ದಿನಕ್ಕೆ ಮೂರು ಲೀಟರು, ಅಡುಗೆಯೂ ಅದರಲ್ಲೇ. ಕುಚಲಕ್ಕಿ ಗಂಜಿಗೆ ಮೂರು ಪಾಲು ಸಿಹಿನೀರು, ಒಂದು ಪಾಲು ಕಡಲ ನೀರು ಹಾಕಿದೆವು. ಬೇರೆ ಉಪ್ಪು ಬೇಕಾಗಲಿಲ್ಲ. ಪಾತ್ರೆ ತೊಳೆಯುವುದು, ಮೀಯುವುದು ಕಡಲ ನೀರಿನಲ್ಲೇ. ಮೈಸಾಬೂನು ಆ ನೀರಿನಲ್ಲಿ ನೊರೆ ಬಿಡುವುದಿಲ್ಲ, ಪಾತ್ರೆ ತೊಳೆಯುವ ದ್ರವ ಬಿಡುತ್ತದೆ ಎಂಬುದು ನನಗೆ ತಿಳಿದದ್ದು ಅಲ್ಲಿಯೇ. ಕೊನೆಗೆ ಒಂದು ತಂಬಿಗೆ ಸಿಹಿನೀರಿನಿಂದ ಮೈಯ ಉಪ್ಪು ತೆಗೆಯದಿದ್ದರೆ ಕುಳಿತಲ್ಲೆಲ್ಲ ಚರ್ಮ ಕೆಂಪಾಗಿ ಉರಿಯುತ್ತದೆ. ಉಪ್ಪು ಹಿಡಿದ ಬಟ್ಟೆಯಂತೂ ತೇವ ಎಳೆದುಕೊಳ್ಳುವುದರಿಂದ ಎಷ್ಟು ಬಿಸಿಲಿಗೆ ಹಾಕಿದರೂ ಮತ್ತೆ ತೇವವಾಗುತ್ತದೆ.

ದೋಣಿಯ ಒಲೆಯು ತೊಟ್ಟಿಲಿನಂತೆ ತೂಗುವ ಕೀಲಿನ ಮೇಲಿರುತ್ತದೆ; ದೋಣಿ ವಾಲಿದರೂ ಪಾತ್ರೆ ನೆಟ್ಟಗೆ ನಿಲ್ಲುತ್ತದೆ. ಆದರೂ ಬೇಳೆಯಿರಲಿ, ಗಂಜಿಯಿರಲಿ, ಮುಚ್ಚಳ ಬಿಗಿದ ಕುಕ್ಕರಿನಲ್ಲೇ ಬೇಯಿಸುತ್ತಿದ್ದೆವು, ಏಕೆಂದರೆ ದಡದಿಂದ ನಾನೂರು ಮೈಲಿ ದೂರದಲ್ಲಿ ಕಾಲಿನ ಮೇಲೆ ಕುದಿನೀರು ಚೆಲ್ಲಿದರೆ ವೈದ್ಯರಿಲ್ಲ. ಒಂದು ವಾರ ಕಳೆದಾಗ ಉಳಿದ ತರಕಾರಿ ಎಲೆಕೋಸು, ಬಟಾಟೆ, ಈರುಳ್ಳಿ ಮಾತ್ರ. ಮನೆಯಿಂದ ಒಯ್ದಿದ್ದ ಶಿರಸಿಯ ಅಪ್ಪೆಮಿಡಿ ಉಪ್ಪಿನಕಾಯಿಯೂ ಒಣ ಮುರುಗಲ ಸಿಪ್ಪೆಯೂ ಬಾಯಿಗೆ ರುಚಿ ಉಳಿಸಿದವು. ಬೆಳಗಾದರೆ ಮೊದಲ ಕೆಲಸ, ಹಗ್ಗಗಳು ಎಲ್ಲಿ ಉಜ್ಜಿ ಸವೆಯುತ್ತಿವೆ ಎಂದು ಬೆರಳಾಡಿಸಿ ನೋಡುವುದು. ರಾತ್ರಿಯಿಡೀ ಒಂದೇ ರಾಟೆಯ ಮೇಲೆ ನಿಂತ ಹಗ್ಗವನ್ನು ಒಂದು ಗೇಣು ಸರಿಸಿದರೆ ಸಾಕು, ಸವೆತ ಹಂಚಿಹೋಗುತ್ತದೆ. ಸರಿಸದಿದ್ದರೆ ಅದು ತುಂಡಾಗುವುದು ನಡುರಾತ್ರಿಯಲ್ಲೇ.

ಇದಾವುದೂ ನಮ್ಮ ಕರಾವಳಿಗೆ ಹೊಸತಲ್ಲ. ನನ್ನ ಅಜ್ಜ ಮಚವೆಯೆಂಬ ಹಾಯಿಹಡಗಿನಲ್ಲಿ ಖಲಾಸಿ, ಅಂದರೆ ನಾವಿಕರಾಗಿದ್ದರು. ಮಂಗಳೂರು ಹಂಚು ಹೇರಿಕೊಂಡು ಮುಂಬಯಿಗೆ ಹೋಗುತ್ತಿದ್ದ ಹಾಯಿಹಡಗುಗಳಲ್ಲಿ ಮಣ್ಣು ತುಂಬಿದ ಮರದ ಪೆಟ್ಟಿಗೆಯೇ ಒಲೆ, ಮರದ ಪೀಪಾಯಿಯೇ ನೀರಿನ ಟ್ಯಾಂಕು. ಪೀಪಾಯಿಯ ಬಾಯಿಯನ್ನು ಹಡಗಿನ ಮುಖ್ಯಸ್ಥನಾದ ತಾಂಡೇಲನ ಅಪ್ಪಣೆಯಿಲ್ಲದೆ ಯಾರೂ ತೆರೆಯುವಂತಿರಲಿಲ್ಲವೆಂದು ಅಜ್ಜ ಹೇಳುತ್ತಿದ್ದರು. ಬಾಲ್ಯದಲ್ಲಿ ಅದನ್ನು ಗದರಿಕೆಯ ಕಥೆಯೆಂದುಕೊಂಡಿದ್ದ ನನಗೆ ಅದರ ಅರ್ಥ ತಿಳಿದದ್ದು ಆ ಐದನೆಯ ದಿನ. ಎಂಜಿನ್ ಬೋಟುಗಳು ಬಂದ ಮೇಲೆ ಹಾಯಿಯ ಆ ವಿದ್ಯೆ ಬಂದರುಗಳಿಂದ ಮರೆಯಾಯಿತು. ಅದನ್ನು ಕೈಯಾರೆ ಬಲ್ಲವರು ಈಗ ಬೆರಳೆಣಿಕೆಯಷ್ಟು ಮಂದಿ, ಎಲ್ಲರೂ ವಯೋವೃದ್ಧರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯಿಷ್ಟೆ. ಮುಂದೆ ಯಾವುದೇ ಸಮುದ್ರಯಾನದ ವರದಿ ಮಾಡುವಾಗ ನಾವಿಕರ ಊಟ, ನಿದ್ದೆ, ನೀರು, ರಿಪೇರಿಯ ಬಗೆಗೂ ಕೇಳಿ ಬರೆಯಿಸಿರಿ. ಜೊತೆಗೆ ಬೈತಖೋಲ, ತದಡಿ, ಹೊನ್ನಾವರದ ಕಡೆಯ ಹಳೆಯ ಹಾಯಿಹಡಗಿನವರ ಮಾತುಗಳನ್ನು ದಾಖಲಿಸುವ ಲೇಖನಮಾಲೆಯೊಂದನ್ನು ಆರಂಭಿಸಿರಿ. ನಮ್ಮ ಕೇರಿಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ನೆನಪು ಚುರುಕಾಗಿದೆ, ಕಿವಿ ಮಂದವಾಗಿದೆ, ಗಟ್ಟಿಯಾಗಿ ಕೇಳಬೇಕು. ತಮ್ಮ ವರದಿಗಾರರು ಬಂದರೆ ಅವರ ಮನೆಗೆ ನಾನೇ ಕರೆದೊಯ್ಯುತ್ತೇನೆ. ನನ್ನ ಹನ್ನೆರಡು ದಿನಗಳ ದಿನಚರಿ ಪುಸ್ತಕವನ್ನೂ ಕೊಡುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಕಾರವಾರ