ಚಿಶೂ ರ್ಯೂ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮ,

ನೀನು ಕಳಿಸಿದ ಲೇಖನ ಓದಿದೆ. ಜಪಾನಿನ ಸಿನಿಮಾ ಎಂದರೆ ಕುರೊಸಾವಾ ಎಂದಷ್ಟೇ ತಿಳಿದ ಓದುಗರು ನಮ್ಮಲ್ಲಿ ಬಹಳ ಮಂದಿ. ಅಂಥವರ ಮುಂದೆ ಚಿಶೂ ರ್ಯೂ ಅವರಂಥ ನಟನನ್ನು ತಂದು ನಿಲ್ಲಿಸಲು ಹೊರಟಿದ್ದೀಯ ಎಂದು ನಿಜಕ್ಕೂ ಸಂತೋಷವಾಯಿತು. ಆದರೆ ಈಗಿರುವ ರೂಪದಲ್ಲಿ ಅದನ್ನು ಅಚ್ಚಿಗೆ ಕೊಡಬೇಡ.

ತೊಂದರೆ ಮೊದಲ ಪುಟದಲ್ಲೇ ಶುರುವಾಗುತ್ತದೆ. ‘ಆಳವಾದ ಮೌನ’, ‘ಮಾತಿಗೆ ನಿಲುಕದ ನೋವು’, ‘ಋಷಿಸದೃಶ ಪ್ರಶಾಂತತೆ’ ಎಂದೆಲ್ಲ ಬರೆದಿದ್ದೀಯ. ರ್ಯೂ ಅವರ ಹೆಸರನ್ನು ತೆಗೆದು ಆ ಜಾಗದಲ್ಲಿ ಬೇರೆ ಯಾವ ಹಿರಿಯ ನಟನ ಹೆಸರು ಹಾಕಿದರೂ ಆ ವಾಕ್ಯಗಳಿಗೆ ಏನೂ ಆಗುವುದಿಲ್ಲ. ಅವು ಅವರನ್ನು ನೋಡಿ ಬರೆದ ವಾಕ್ಯಗಳಲ್ಲ, ನೋಡಿದ ಮೇಲೆ ನಿನಗೆ ಏನನ್ನಿಸಿತೋ ಅದನ್ನು ಬರೆದ ವಾಕ್ಯಗಳು. ಓದುಗನಿಗೆ ಬೇಕಾಗಿರುವುದು ನಿನಗೆ ಹಾಗೆ ಅನ್ನಿಸುವಂತೆ ಆ ಮನುಷ್ಯ ಪರದೆಯ ಮೇಲೆ ಮಾಡಿದ್ದೇನು ಎಂಬುದು.

ಇದನ್ನು ರ್ಯೂ ಅವರಿಂದಲೇ ಕಲಿಯಬಹುದು. ಊಟದ ದೃಶ್ಯವೊಂದರ ಬಗ್ಗೆ ಅವರು ನೆನಪಿಸಿಕೊಂಡಿದ್ದಾರೆ. ನಿರ್ದೇಶಕ ಯಾಸುಜಿರೋ ಒಜು ಅವರಿಗೆ ಕೊಟ್ಟ ಸೂಚನೆ ಇಷ್ಟೇ: ಮೊದಲು ಊಟದ ಕಡ್ಡಿಗಳ ತುದಿಯನ್ನು ನೋಡು, ಆಮೇಲೆ ನಿನ್ನ ಕೈಯನ್ನು ನೋಡು, ಅನಂತರ ಮಗುವಿನೊಡನೆ ಮಾತಾಡು. ಆ ತಂದೆಯ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಒಜು ವಿವರಿಸಲಿಲ್ಲ. ಆ ಕ್ರಮದಲ್ಲಿ ಆ ಕೆಲಸಗಳನ್ನು ಮಾಡಿದರೆ ಭಾವ ತಾನಾಗಿ ಒದಗುತ್ತಿತ್ತು. ಭಾವದ ಹೆಸರು ಹೇಳದೆಯೇ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ ಈ ಜೋಡಿಯ ಬಗ್ಗೆ ಬರೆಯುವಾಗ ನೀನು ಪುಟಪುಟದಲ್ಲೂ ಭಾವದ ಹೆಸರು ಹೇಳುತ್ತಿದ್ದೀಯ.

1942ರ ‘ದೇರ್ ವಾಸ್ ಎ ಫಾದರ್’ ಚಿತ್ರವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಅಲ್ಲಿ ನಿಲ್ಲಬೇಕಿತ್ತು. ತಂದೆ, ಮಗ ಇಬ್ಬರೂ ನದಿಯಲ್ಲಿ ನಿಂತು ಗಾಳ ಹಾಕುತ್ತಿದ್ದಾರೆ. ಇಬ್ಬರ ಗಾಳದ ಕೋಲೂ ಒಟ್ಟಿಗೇ ಮೇಲೇಳುತ್ತದೆ, ಒಟ್ಟಿಗೇ ತಿರುಗುತ್ತದೆ, ಒಟ್ಟಿಗೇ ನೀರಿಗೆ ಬೀಳುತ್ತದೆ. ಹಾಗೆ ಗಾಳ ಬೀಸುತ್ತಲೇ ತಂದೆ ಮಗನಿಗೆ ಹೇಳುತ್ತಾನೆ: ಇನ್ನು ಮುಂದೆ ನಾವಿಬ್ಬರೂ ಬೇರೆ ಬೇರೆ ಇರಬೇಕಾಗುತ್ತದೆ, ನೀನು ವಿದ್ಯಾರ್ಥಿನಿಲಯದಲ್ಲಿದ್ದು ಓದಬೇಕು. ಹುಡುಗನ ಕೋಲು ನಿಂತುಬಿಡುತ್ತದೆ. ತಂದೆಯದು ನಿಲ್ಲುವುದಿಲ್ಲ, ಅದೇ ಲಯದಲ್ಲಿ ಮುಂದುವರಿಯುತ್ತದೆ. ರ್ಯೂ ಎಂಥ ನಟ ಎಂಬುದನ್ನು ಹೇಳಲು ನಿಲ್ಲದ ಆ ಕೋಲೊಂದು ಸಾಕು. ನೀನು ‘ಹೃದಯ ಕಲಕುವ ಅಗಲಿಕೆ’ ಎಂದು ಬರೆದು ಮುಂದೆ ಹೋಗಿದ್ದೀಯ.

1949ರ ‘ಲೇಟ್ ಸ್ಪ್ರಿಂಗ್’ ಚಿತ್ರದ ಸೇಬಿನ ದೃಶ್ಯವನ್ನು ನೀನು ಬಿಟ್ಟಿಲ್ಲ. ಅದನ್ನು ಯಾರೂ ಬಿಡಲಾರರು. ಮಗಳನ್ನು ಮದುವೆಗೆ ಒಪ್ಪಿಸಲೆಂದೇ, ತಾನು ಮರುಮದುವೆಯಾಗುವುದಾಗಿ ಸುಳ್ಳು ಹೇಳಿದ ವಿಧುರ ಪ್ರಾಧ್ಯಾಪಕ ಅವನು. ಮದುವೆ ಮುಗಿಸಿ ರಾತ್ರಿ ಖಾಲಿ ಮನೆಗೆ ಬಂದು ಒಬ್ಬನೇ ಕುಳಿತು ಸೇಬಿನ ಸಿಪ್ಪೆ ಸುಲಿಯುತ್ತಾನೆ. ಕೈ ನಿಲ್ಲುತ್ತದೆ, ತಲೆ ಬಾಗುತ್ತದೆ. ಅಲ್ಲಿ ಗಟ್ಟಿಯಾಗಿ ಬಿಕ್ಕಿ ಅಳಬೇಕೆಂದು ಒಜು ಕೇಳಿದ್ದರು, ತನ್ನಿಂದ ಆಗುವುದಿಲ್ಲ ಎಂದು ರ್ಯೂ ಹೇಳಿದರು, ಒಜು ಒತ್ತಾಯಿಸಲಿಲ್ಲ. ರ್ಯೂ ತಾವೇ ಹೇಳಿಕೊಂಡಿರುವ ಈ ಸಂಗತಿ ನಿನ್ನ ಲೇಖನದಲ್ಲಿ ಎಲ್ಲೂ ಇಲ್ಲ. ಒಜು ಎಳೆದಂತೆ ಆಡುವ ಗೊಂಬೆ ಎಂಬರ್ಥದ ಮಾತು ಮಾತ್ರ ಇದೆ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದವರು ಒಮ್ಮೆ ‘ಆಗದು’ ಎಂದರಲ್ಲ, ಒಜು ಅವರ ಅತ್ಯಂತ ಪ್ರಸಿದ್ಧ ಅಂತ್ಯಗಳಲ್ಲೊಂದು ಹುಟ್ಟಿದ್ದು ಹಾಗೆ. ಆ ಗೊಂಬೆಯ ಮಾತನ್ನು ಅಳಿಸಿಹಾಕು. ಅದು ಸತ್ಯಕ್ಕೂ ದೂರ, ಮನುಷ್ಯನಿಗೂ ಅನ್ಯಾಯ.

ಇನ್ನು ಬದುಕಿನ ವಿವರಗಳು. ಅವರು 1904ರಲ್ಲಿ ಕುಮಾಮೊತೊ ಪ್ರಾಂತ್ಯದ ತಮಾನಾ ಸೀಮೆಯಲ್ಲಿ, ಬೌದ್ಧ ದೇವಾಲಯದ ಅರ್ಚಕರ ಮನೆಯಲ್ಲಿ ಹುಟ್ಟಿದರು. ಓದಲು ಸೇರಿದ್ದು ಟೋಕಿಯೋದ ತೋಯೋ ವಿಶ್ವವಿದ್ಯಾಲಯ, ವಿಷಯ ಭಾರತೀಯ ತತ್ತ್ವಶಾಸ್ತ್ರ. 1925ರಲ್ಲಿ ಅದನ್ನು ಅರ್ಧಕ್ಕೇ ಬಿಟ್ಟು ಶೋಚಿಕು ಸಂಸ್ಥೆಯ ಕಮಾತಾ ಸ್ಟುಡಿಯೋದಲ್ಲಿ ತರಬೇತಿಗೆ ಸೇರಿಕೊಂಡರು. ತಂದೆ ತೀರಿಕೊಂಡಾಗ ದೇವಾಲಯದ ಹೊಣೆ ಹೊರಲು ಊರಿಗೆ ಮರಳಿದವರು, ಅದನ್ನು ಅಣ್ಣನಿಗೆ ವಹಿಸಿ ಮತ್ತೆ ಸ್ಟುಡಿಯೋಗೆ ಬಂದರು. ನೀನು ಇಲ್ಲಿಗೆ ಬಂದೊಡನೆ ನಮ್ಮ ನಾಡಿನ ಹೆಮ್ಮೆ, ವೇದಾಂತ, ಬುದ್ಧನ ಕರುಣೆ ಎಂದು ಮೂರು ಪ್ಯಾರಾ ಹರಿಸಿದ್ದೀಯ. ಅವರು ಬಿಟ್ಟು ಬಂದ ಪಾಠಗಳಿಂದ ಅವರ ನಟನೆಯನ್ನು ವಿವರಿಸಲು ಹೋಗಬೇಡ. ಒಂದು ವಾಕ್ಯ ಸಾಕು, ನಮ್ಮ ಓದುಗರು ಅದರಲ್ಲೇ ಸಂಬಂಧ ಕಂಡುಕೊಳ್ಳುತ್ತಾರೆ.

ಆ ಮೂರು ಪ್ಯಾರಾಗಳ ಜಾಗವನ್ನು ಮುಂದಿನ ಹತ್ತು ವರ್ಷಗಳಿಗೆ ಕೊಡು. ಗುಂಪಿನಲ್ಲಿ ಒಬ್ಬನಾಗಿ, ಹೆಸರಿಲ್ಲದ ಚಿಕ್ಕಪುಟ್ಟ ಪಾತ್ರಗಳಲ್ಲಿ ಬಂದುಹೋಗುತ್ತಿದ್ದ ವರ್ಷಗಳು ಅವು. ಒಜು ತೆಗೆದ 54 ಚಿತ್ರಗಳಲ್ಲಿ ರ್ಯೂ 52ರಲ್ಲಿದ್ದಾರೆ ಎಂಬ ಲೆಕ್ಕವನ್ನು ನೀನು ಹೆಮ್ಮೆಯಿಂದ ಬರೆದಿದ್ದೀಯ. ಅವುಗಳಲ್ಲಿ ಎಷ್ಟೋ ಪಾತ್ರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತವೆ ಎಂಬುದನ್ನೂ ಬರೆ. 1936ರ ‘ದಿ ಓನ್ಲಿ ಸನ್’ ಹೊತ್ತಿಗೆ ಕೊನೆಗೂ ತೂಕದ ಪಾತ್ರ ಸಿಕ್ಕಿತು. ದೊಡ್ಡದಾಗಿ ಬೆಳೆಯಬೇಕೆಂದು ಹಳ್ಳಿಯಿಂದ ಟೋಕಿಯೋಗೆ ಬಂದು, ಊರಾಚೆ ಕರಿದ ಹಂದಿಮಾಂಸದ ಅಂಗಡಿ ಇಟ್ಟುಕೊಂಡ ಮೇಷ್ಟರ ಪಾತ್ರ ಅದು. ಆಗ ಅವರಿಗಿನ್ನೂ 32. ಮುಂದಿನ ವೃದ್ಧರೆಲ್ಲರ ಬೀಜ ಆ ಮೇಷ್ಟರಲ್ಲಿದೆ ಎಂದು ನನಗೆ ಅನಿಸುತ್ತದೆ.

ವಯಸ್ಸಿನ ವಿಷಯಕ್ಕೆ ಬಂದೆ. ನಿನ್ನ ಲೇಖನದಲ್ಲಿ ನನಗೆ ಬಹಳ ಖಾಲಿ ಎನಿಸಿದ ಜಾಗ ಇದು. ‘ಟೋಕಿಯೋ ಸ್ಟೋರಿ’ 1953ರದು. ಒನೊಮಿಚಿ ಎಂಬ ಊರಿನಿಂದ ಮಕ್ಕಳನ್ನು ನೋಡಲು ಹೊರಡುವ ಎಪ್ಪತ್ತರ ಆಸುಪಾಸಿನ ಮುದುಕನಾಗಿ ನಟಿಸಿದಾಗ ರ್ಯೂ ಅವರಿಗೆ ಐವತ್ತೂ ತುಂಬಿರಲಿಲ್ಲ. ಹಿರಿಯ ಮಗನಾಗಿ ನಟಿಸಿದ ಸೋ ಯಾಮಾಮುರಾ, ರ್ಯೂ ಅವರಿಗಿಂತ ಆರೇ ವರ್ಷ ಚಿಕ್ಕವರು. ಹೆಂಡತಿಯಾಗಿ ನಟಿಸಿದ ಚಿಯೆಕೋ ಹಿಗಾಶಿಯಾಮಾ ಹದಿನಾಲ್ಕು ವರ್ಷ ದೊಡ್ಡವರು. ಅದೇ ಹಿಗಾಶಿಯಾಮಾ ಎರಡು ವರ್ಷ ಹಿಂದೆ, 1951ರ ‘ಅರ್ಲಿ ಸಮ್ಮರ್’ ಚಿತ್ರದಲ್ಲಿ ರ್ಯೂ ಅವರ ತಾಯಿ! ನಟಿ ಸೆತ್ಸುಕೋ ಹಾರಾ ಅವರಿಗೆ ರ್ಯೂ 1949ರಲ್ಲಿ ತಂದೆ, 1951ರಲ್ಲಿ ಅಣ್ಣ, 1953ರಲ್ಲಿ ಮಾವ. ಮೂರೂ ಚಿತ್ರಗಳಲ್ಲಿ ಹಾರಾ ಅವರ ಪಾತ್ರದ ಹೆಸರು ನೊರಿಕೊ. ‘ಅಸಾಧಾರಣ ಪ್ರತಿಭೆ’ ಎಂಬ ನಿನ್ನ ಮಾತನ್ನು ತೆಗೆದು ಈ ಸಂಗತಿಗಳನ್ನಿಡು. ಆಮೇಲೆ ಇದು ಹೇಗೆ ಸಾಧ್ಯವಾಯಿತೆಂದು ಹುಡುಕು. ನೆರೆಗೂದಲು, ಬಣ್ಣ ಯಾರಿಗಾದರೂ ಹಚ್ಚಬಹುದು. ಬೆನ್ನನ್ನು ನೋಡು. ಕುಳಿತಾಗ ಬೆನ್ನು ಎಲ್ಲಿ ಬಾಗಿದೆ, ಏಳುವ ಮುನ್ನ ಕೈ ಎಲ್ಲಿ ಊರುತ್ತದೆ, ‘ಹೌದು’ ಎನ್ನುವ ಮುನ್ನ ಗಂಟಲಲ್ಲಿ ಎಂಥ ಹೂಂಕಾರ ಬರುತ್ತದೆ ಎಂಬುದನ್ನು ಗಮನಿಸಿ ಬರೆದುಕೋ.

ಅದೇ ಚಿತ್ರದಲ್ಲಿ ಹೆಂಡತಿ ತೀರಿಕೊಂಡ ಬೆಳಗ್ಗೆ ಮುದುಕ ಮನೆಯೊಳಗಿಲ್ಲ. ಸೊಸೆ ಹುಡುಕಿಕೊಂಡು ಹೋದರೆ ಹೊರಗೆ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದಾನೆ. ಸೂರ್ಯೋದಯ ಚೆನ್ನಾಗಿತ್ತು, ಇವತ್ತೂ ಸೆಕೆಯಾಗುತ್ತದೆ ಎನ್ನುತ್ತಾನೆ, ಮನೆಯತ್ತ ನಡೆಯುತ್ತಾನೆ. ನೀನು ಇಲ್ಲಿ ‘ದುಃಖವನ್ನು ನುಂಗಿಕೊಂಡ’ ಎಂದು ಸೇರಿಸಿದ್ದೀಯ. ಅದು ನಿನಗೆ ಹೇಗೆ ಗೊತ್ತು? ನುಂಗಿಕೊಂಡನೋ, ಇನ್ನೂ ದುಃಖ ತಟ್ಟಿರಲಿಲ್ಲವೋ, ಸೂರ್ಯೋದಯ ನಿಜಕ್ಕೂ ಅಷ್ಟು ಚೆನ್ನಾಗಿತ್ತೋ. ರ್ಯೂ ಈ ಮೂರನ್ನೂ ತೆರೆದಿಟ್ಟು ಹೋಗುತ್ತಾರೆ. ನೀನು ಎರಡು ಬಾಗಿಲು ಮುಚ್ಚಿದ್ದೀಯ.

1963ರ ಡಿಸೆಂಬರ್‌ನಲ್ಲಿ ಒಜು ತೀರಿಕೊಂಡರು. ನಿನ್ನ ಲೇಖನವೂ ಅಲ್ಲಿಗೇ ನಿಂತುಬಿಟ್ಟಿದೆ, ರ್ಯೂ ಅವರೂ ಅವತ್ತೇ ಹೋದರು ಎಂಬಂತೆ. ಅವರು ಬದುಕಿದ್ದು 1993ರ ಮಾರ್ಚ್‌ವರೆಗೆ. ಆ ಮೂವತ್ತು ವರ್ಷಗಳಲ್ಲಿ ಕುರೊಸಾವಾ ಅವರ ‘ರೆಡ್ ಬಿಯರ್ಡ್’ ಇದೆ, 1990ರ ‘ಡ್ರೀಮ್ಸ್’ ಚಿತ್ರದ ಕೊನೆಯಲ್ಲಿ ನೀರಿನ ಗಿರಣಿಗಳ ಹಳ್ಳಿಯಲ್ಲಿ ಸಿಗುವ ನೂರು ದಾಟಿದ ಅಜ್ಜ ಇದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ ತೋರಾ-ಸಾನ್ ಸರಣಿ ಇದೆ. ಯೋಜಿ ಯಾಮಾದಾ ಅವರ ಈ ಜನಪ್ರಿಯ ಸರಣಿಯಲ್ಲಿ 1969ರಿಂದ 1992ರವರೆಗೆ ರ್ಯೂ ಶಿಬಾಮಾತಾ ದೇವಾಲಯದ ಹಿರಿಯ ಅರ್ಚಕರು. ಅರ್ಚಕ ವೃತ್ತಿ ಬೇಡವೆಂದು ಹೊರಟ ಹುಡುಗ ಜಪಾನಿನ ಪ್ರೇಕ್ಷಕರ ಕಣ್ಣಿಗೆ ತಮ್ಮೂರ ಅರ್ಚಕನೇ ಆಗಿಬಿಟ್ಟ. ಅಲ್ಲಿಯೂ ಆ ಕುಮಾಮೊತೊ ಸೀಮೆಯ ಮಾತಿನ ಧಾಟಿ ಹೋಗಿರಲಿಲ್ಲ. ಕೊನೆಯವರೆಗೂ ಅವರು ಅದನ್ನು ಇಟ್ಟುಕೊಂಡೇ ನಟಿಸಿದರು. ಕಲಾತ್ಮಕವಲ್ಲ ಎಂದು ಈ ಚಿತ್ರಗಳನ್ನು ನೀನು ಬಿಟ್ಟಿದ್ದರೆ ಅದು ಸರಿಯಲ್ಲ. ಪ್ರತಿ ಹಬ್ಬಕ್ಕೆ ಕುಟುಂಬ ಸಮೇತ ಚಿತ್ರಮಂದಿರಕ್ಕೆ ಬರುತ್ತಿದ್ದ ಜನ ಪ್ರೀತಿಸಿದ ರ್ಯೂ ಇಲ್ಲಿದ್ದಾರೆ, ಅವರಿಗೂ ನಿನ್ನ ಲೇಖನದಲ್ಲಿ ಜಾಗ ಬೇಕು.

ಅವಸರ ಮಾಡಬೇಡ. ಇಡೀ ಲೇಖನವನ್ನು ಈಗಲೇ ತಿದ್ದಲು ಕೂರಬೇಡ. ಮೊದಲು 1961ರ ‘ದಿ ಎಂಡ್ ಆಫ್ ಸಮ್ಮರ್’ ನೋಡು. ಕೊನೆಯ ಭಾಗದಲ್ಲಿ ನದಿಯ ದಡದಲ್ಲಿ ರೈತ ದಂಪತಿ ಇದ್ದಾರೆ, ಗಂಡ ರ್ಯೂ. ಚಿತಾಗಾರದ ಚಿಮಣಿಯ ಕಡೆ ನೋಡಿ ನಾಲ್ಕು ಮಾತಾಡುತ್ತಾರೆ, ಅಷ್ಟೇ ಅವರ ಪಾತ್ರ. ಆ ದೃಶ್ಯದ ಬಗ್ಗೆ ಅರ್ಧ ಪುಟ ಬರೆದು ನನಗೆ ಕಳಿಸು. ಇಬ್ಬರೂ ಏನು ಮಾಡುತ್ತಿದ್ದರು, ಯಾವಾಗ ತಲೆ ಎತ್ತಿದರು, ಯಾರು ಮೊದಲು ಮಾತಾಡಿದರು, ಹೊಗೆ ಯಾವಾಗ ಬಂತು, ಇಷ್ಟು ಇರಲಿ. ಯಾವ ಭಾವದ ಹೆಸರೂ ಬೇಡ. ಅದನ್ನು ಓದಿದ ಮೇಲೆ ಉಳಿದದ್ದನ್ನು ಕೂತು ಮಾತಾಡೋಣ.

ಪ್ರೀತಿಯಿಂದ,
ನಿನ್ನ ಅಣ್ಣ